ಸಿಲ್ವೇರಜ್ಜ ವಾಪಸು ಕೊಟ್ಟ ಚೀಟಿ

ಸಿಲ್ವೇರಜ್ಜ ತನ್ನ ಬದುಕಿನಲ್ಲಿ ಮತ ಹಾಕಿದ್ದು ಎರಡೇ ಸಲ. ಎರಡು ಸಲವೂ ಕೇಳಿದ್ದು ಒಂದೇ ಪ್ರಶ್ನೆ: ನ್ಯೂ ಕ್ಯಾಲೆಡೋನಿಯ ಫ್ರಾನ್ಸಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೆ, ಬೇಡವೆ. ಎರಡು ಸಲವೂ ದೇಶ ಬೇಡ ಎಂದಿತು. ದೇಶ ಹಾಗೆನ್ನುವುದರಲ್ಲಿ ಅಜ್ಜನ ಕೈವಾಡವೇನೂ ಇರಲಿಲ್ಲ. ಆದರೂ ನಮ್ಮ ತಿವೊಂಬದಲ್ಲಿ ಇವತ್ತಿಗೂ ಮತದ ಮಾತು ಬಂದರೆ ಜನ ದೇಶವನ್ನು ಪಕ್ಕಕ್ಕಿಟ್ಟು ಅಜ್ಜನ ಸುದ್ದಿ ಎತ್ತುತ್ತಾರೆ.

ತಿವೊಂಬ ಪೂರ್ವದ ಕಡಲ ಬದಿಗಿದೆ. ನೂರು ಮನೆ, ಒಂದು ಇಗರ್ಜಿ, ಒಂದು ಶಾಲೆ, ಒಂದು ಅಂಗಡಿ. ಎಲ್ಲರೂ ಕನಕರು, ಈ ದ್ವೀಪದ ಮೂಲ ಜನ; ಬೇರೆ ಕಡೆಯಿಂದ ಬಂದವರೆಂದರೆ ಮದುವೆಯಾಗಿ ಬಂದ ಹೆಂಗಸರು ಮಾತ್ರ. ಅಜ್ಜನ ಮನೆತನ ಊರಿನ ಪರವಾಗಿ ಮಾತಾಡುವ ಮನೆತನ. ಸಾವಿರಲಿ, ಮದುವೆಯಿರಲಿ, ದೂರದಿಂದ ಯಾರಾದರೂ ಬಂದಿರಲಿ, ಚಾಪೆಯ ಮೇಲೆ ಬಟ್ಟೆ, ತಂಬಾಕು, ಹೆಗ್ಗೆಣಸು ಇಟ್ಟು ಎದ್ದು ನಿಂತು ನಾಲ್ಕು ಮಾತಾಡದೆ ನಮ್ಮಲ್ಲಿ ಯಾವ ಕೆಲಸವೂ ಶುರುವಾಗುವುದಿಲ್ಲ. ಊರಿಗೆ ಯಜಮಾನನಿದ್ದಾನೆ, ಆದರೆ ಯಜಮಾನ ಕೂತಿರುತ್ತಾನೆ. ನಿಂತು ಮಾತಾಡುವವನು ಬೇರೆ. ಆ ನಿಂತು ಮಾತಾಡುವ ಕೆಲಸವನ್ನು ಸಿಲ್ವೇರಜ್ಜ ತನ್ನ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಅಪ್ಪ ಸತ್ತಾಗಿನಿಂದ ಮಾಡಿಕೊಂಡು ಬಂದಿದ್ದ. ಗಟ್ಟಿ ಗಂಟಲು, ಒಂದು ಪದ ಆಚೀಚೆ ಆಗದ ನೆನಪು. ಅಹಂಕಾರವೂ ಅದಕ್ಕೆ ತಕ್ಕಷ್ಟು ಇತ್ತು.

ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಅಜ್ಜ ಇಟ್ಟುಕೊಂಡ ಕಟ್ಟಳೆಗಳು ಎರಡು. ಮುಂದೆ ತಂದಿಟ್ಟದ್ದರಲ್ಲಿ ಒಪ್ಪಿದ್ದನ್ನು ಇಟ್ಟುಕೊಳ್ಳಬೇಕು. ಒಪ್ಪದ್ದನ್ನು, ತಂದವನಿಗೆ ಅವಮಾನವಾಗದಂತೆ, ಏನಾದರೊಂದರಲ್ಲಿ ಸುತ್ತಿ ವಾಪಸು ಕೊಡಬೇಕು. ಎರಡನೆಯದು, ಕೊಟ್ಟ ಮೇಲೆ ಅತ್ತ ತಿರುಗಿ ನೋಡಬಾರದು, ಅದನ್ನು ಬಿಚ್ಚುವ ಜಾಗದಲ್ಲಿ ನಿಲ್ಲಲೇಬಾರದು. ಒಮ್ಮೆ ನಿಕ್ಕಲ್ ಗಣಿಯ ಕಡೆಯವನೊಬ್ಬ ನಮ್ಮ ಬೆಟ್ಟ ಕೇಳಲು ಬಂದು ಬಟ್ಟೆ, ತಂಬಾಕು, ಜೊತೆಗೊಂದು ಹೊಳೆಯುವ ಕೈಗಡಿಯಾರ ಇಟ್ಟ. ಅಜ್ಜ ಬಟ್ಟೆ, ತಂಬಾಕು ಎತ್ತಿಕೊಂಡ. ಗಡಿಯಾರವನ್ನು ಬಾಳೆಎಲೆಯಲ್ಲಿ ಸುತ್ತಿ ಅವನ ಕೈಗಿಟ್ಟು, “ನೀವು ಬಂದಿದ್ದು ಸಂತೋಷ,” ಎಂದ. ಬೆಟ್ಟದ ಹೆಸರೇ ಎತ್ತಲಿಲ್ಲ. ಆ ಮನುಷ್ಯ ಕಾರು ಹತ್ತಿ ಸೇತುವೆ ದಾಟಿದ ಮೇಲೆ ಪೊಟ್ಟಣ ಬಿಚ್ಚಿಕೊಂಡು ನೋಡಿರಬೇಕು. ಈ ಕತೆಯನ್ನು ಅಜ್ಜ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಇಂಥವನು ಎಪ್ಪತ್ತನಾಲ್ಕು ವರ್ಷವಾದರೂ ಮತ ಹಾಕಿರಲಿಲ್ಲ. ಎಂಬತ್ತರ ದಶಕದ ಗಲಾಟೆಯಲ್ಲಿ ಸ್ವಾತಂತ್ರ್ಯದ ಕಡೆಯವರು ಮತ ಹಾಕಬೇಡಿ ಎಂದಿದ್ದರು. ಅಜ್ಜ ಹಾಕಲಿಲ್ಲ, ರಸ್ತೆಗೆ ಮರ ಉರುಳಿಸಿ ನಾಲ್ಕು ರಾತ್ರಿ ಕಾವಲು ಕೂತ. ಆ ಗಲಾಟೆಯಲ್ಲೇ ಅವನ ತಮ್ಮ ಗುಂಡು ತಗುಲಿ ಸತ್ತ. ಆಮೇಲೆ ಫ್ರಾನ್ಸಿನ ಜೊತೆ ಒಪ್ಪಂದವಾಗಿ ಅದೇ ಜನ ಬಂದು ಇನ್ನು ಹಾಕಬಹುದು ಎಂದರು. “ನಿನ್ನೆ ಬ್ಯಾಡ ಅಂದ್ರಿ, ಇವತ್ತು ಹಾಕು ಅಂತೀರಿ. ನಾಳೆ ನೀವು ಏನಂತೀರೋ ನೋಡ್ಕಂಡು ಹಾಕ್ತೀನಿ,” ಎಂದು ಅಜ್ಜ ಮೂವತ್ತು ವರ್ಷ ನೋಡಿಕೊಂಡೇ ಇದ್ದ.

ಕೊನೆಗೂ ಎರಡು ಸಾವಿರದ ಹದಿನೆಂಟರ ನವೆಂಬರಿನ ಮೊದಲ ಭಾನುವಾರಕ್ಕೆ ಸ್ವಾತಂತ್ರ್ಯದ ಮೊದಲ ಮತ ನಿಗದಿಯಾಯಿತು. ಸ್ವಾತಂತ್ರ್ಯದ ಕಡೆಯ ಪಕ್ಷದವರು ಊರೂರಿಗೆ ಬಂದು ಮತ ಹಾಕುವುದು ಹೇಗೆ ಎಂದು ಅಜ್ಜಿಯರನ್ನು ಕೂರಿಸಿಕೊಂಡು ಹೇಳಿಕೊಟ್ಟರು. ಸಿಲ್ವೇರಜ್ಜನಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡುವುದಾದರೂ ಯಾರು? ಹಾಗೆ ಬಂದವರನ್ನು ಊರಿಗೆ ಬರಮಾಡಿಕೊಂಡು ಸ್ವಾತಂತ್ರ್ಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದವನೇ ಅವನು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಬಾಗಿಲು ತೆರೆದಾಗ ಮೊದಲು ಒಳಗೆ ಕಾಲಿಟ್ಟವನು ಅಜ್ಜ. ಇಸ್ತ್ರಿ ಮಾಡಿದ ಹೂವಿನ ಅಂಗಿ, ಹೆಗಲಿಗೆ ತಾಳೆಗರಿಯ ಬುಟ್ಟಿ. ಮೇಜಿನ ಮೇಲೆ ಚೀಟಿಗಳ ಎರಡು ಕಟ್ಟು. ಒಂದರಲ್ಲಿ ‘ಹೌದು’, ಇನ್ನೊಂದರಲ್ಲಿ ‘ಬೇಡ’. ಮೇಜಿನ ಹಿಂದೆ ಕೂತಿದ್ದ ಹೆಂಗಸು, “ಎರಡರಿಂದಲೂ ಒಂದೊಂದು ತಗೊಳ್ಳಿ ಅಜ್ಜ. ಪರದೆ ಹಿಂದೆ ಹೋಗಿ, ಒಂದನ್ನ ಈ ಲಕೋಟೆಗೆ ಹಾಕಿ, ತಂದು ಡಬ್ಬಕ್ಕೆ ಬಿಡಿ,” ಎಂದಳು. ಅಜ್ಜ ಗಂಭೀರವಾಗಿ ತಲೆಯಾಡಿಸಿದ.

ಪರದೆಯ ಹಿಂದೆ ಅವನು ಎರಡು ಚೀಟಿಗಳನ್ನೂ ಅಂಗೈ ಮೇಲೆ ಹರಡಿಕೊಂಡು ನಿಂತ. ಸರ್ಕಾರ ತನ್ನ ಮುಂದೆ ಎರಡು ವಸ್ತು ತಂದಿಟ್ಟಿದೆ. ಸುತ್ತಿ ಕೊಡಲು ಕಾಗದದ ಚೀಲವನ್ನೂ ಅದೇ ಕೊಟ್ಟಿದೆ. ಇಷ್ಟು ವರ್ಷಕ್ಕೆ ಇವರಿಗೆ ಮರ್ಯಾದೆ ಬಂತಲ್ಲ ಎನ್ನಿಸಿತು. ‘ಹೌದು’ ಚೀಟಿಯನ್ನು ಎರಡು ಮಡಿಕೆ ಮಾಡಿ ಬುಟ್ಟಿಯ ತಳದಲ್ಲಿ, ತಮ್ಮನ ಜಪಮಾಲೆ ಇಟ್ಟ ಕಡೆ ಇಟ್ಟುಕೊಂಡ. ‘ಬೇಡ’ ಚೀಟಿಯನ್ನು ಲಕೋಟೆಗೆ ಹಾಕಿ ತಂದು ಡಬ್ಬದೊಳಕ್ಕೆ ಬಿಟ್ಟ. ಮೊದಲಿಗನಾದ್ದರಿಂದ ಪರದೆ ಹಿಂದಿನ ಕಸದ ಬುಟ್ಟಿಯೂ ಖಾಲಿಯಿತ್ತು. ಅಲ್ಲಿ ಮಿಕ್ಕವರು ಏನು ಬಿಸಾಡುತ್ತಾರೆಂದು ಕಣ್ಣಿಗೆ ಬೀಳುವ ಸಂಭವವೂ ಇರಲಿಲ್ಲ. ಸಹಿ ಮಾಡಿ ಎದೆ ಸೆಟೆಸಿಕೊಂಡು ಹೊರಗೆ ಬಂದ.

“ಹಾಕಿದ್ರಾ?” ಎಂದು ಸಾಲಿನಲ್ಲಿ ನಿಂತ ಹೆಂಡತಿ ರೊಜಾಲಿ ಕೇಳಿದಳು.

“ಕೊಟ್ಟೆ,” ಎಂದ ಅಜ್ಜ.

ಸಂಜೆ ಆರಕ್ಕೆ ಶಾಲೆಯಲ್ಲೇ, ಎಲ್ಲರ ಕಣ್ಣೆದುರು ಎಣಿಕೆ. ಊರಿಗೆ ಊರೇ ಹೋಯಿತು. ಅಜ್ಜ ಹೋಗಲಿಲ್ಲ, ಕೊಟ್ಟದ್ದನ್ನು ಬಿಚ್ಚುವ ಜಾಗದಲ್ಲಿ ಅವನಿಗೇನು ಕೆಲಸ. ಒಲೆಯ ಮೇಲೆ ಅನ್ನ ನೋಡಿಕೊಳ್ಳುತ್ತಾ ಕೂತ. ಏಳರ ಹೊತ್ತಿಗೆ ರೊಜಾಲಿ ಬುಸುಗುಟ್ಟುತ್ತಾ ಬಂದಳು.

“ನೂರಾ ಎಂಬತ್ತೇಳು ಹೌದು. ಒಂದು ಬೇಡ.”

“ಒಂದಾ?”

“ಒಂದು. ಸಾಲಾಗಿ ಹೌದು, ಹೌದು, ಹೌದು ಅಂತ ಓದ್ತಿದ್ರು, ಇಗರ್ಜಿಲಿ ಜಪ ಹೇಳ್ದಂಗೆ. ಕೊನೇ ಲಕೋಟೆ ಬಿಚ್ಚಿ ‘ಬೇಡ’ ಅಂದ್ಬಿಟ್ರು. ಒಬ್ಬರೂ ಕೆಮ್ಮಲಿಲ್ಲ ನೋಡಿ.”

ಅಜ್ಜ ಸೌಟು ಕೆಳಗಿಟ್ಟ. ಎಣಿಸಿದ್ದು ಯಾರು ಏನನ್ನು ಇಟ್ಟುಕೊಂಡರು ಎಂಬುದನ್ನೇ ಇರಬೇಕೆಂದು ಅವನು ತಿಳಿದಿದ್ದ. ಹಾಗಾಗಿ ಲೆಕ್ಕ ಅವನಿಗೆ ಸರಿಯಾಗಿಯೇ ಕಂಡಿತು. ನೂರಾ ಎಂಬತ್ತೇಳರಲ್ಲಿ ತಾನೂ ಒಬ್ಬ. “ಯಾವನಪ್ಪಾ ಅವನು, ಊಟಕ್ಕೆ ಕೂತ ಪಂಕ್ತೀಲಿ ಎಲೆ ಮಗುಚಿದವನು?” ಎಂದ.

ದೇಶದ ಫಲಿತಾಂಶ ರೇಡಿಯೊದಲ್ಲಿ ಬಂತು. ನೂರಕ್ಕೆ ಐವತ್ತಾರು ಚಿಲ್ಲರೆ ಬೇಡ, ನಲವತ್ತಮೂರು ಚಿಲ್ಲರೆ ಹೌದು. ರಾಜಧಾನಿ ನುಮೆಯಾದಲ್ಲಿ ಫ್ರಾನ್ಸಿನ ಮೂರು ಬಣ್ಣದ ಬಾವುಟ ಹಿಡಿದವರು ಕಾರಿನ ಹಾರನ್ ಒತ್ತುತ್ತಾ ಕಡಲ ಬದಿಗೆ ಸುತ್ತು ಹೊಡೆಯುವುದನ್ನು ಟೀವಿಯಲ್ಲಿ ತೋರಿಸಿದರು. ತಿವೊಂಬದಲ್ಲಿ ಯಾರೂ ಅಳಲಿಲ್ಲ, ಯಾರೂ ಕಲ್ಲೆತ್ತಲಿಲ್ಲ. ಮೂವತ್ತೂ ದಾಟುವುದಿಲ್ಲ ಎಂದು ಪಟ್ಟಣದ ಪಂಡಿತರು ವರ್ಷವಿಡೀ ಹೇಳಿದ್ದರಿಂದ ನಲವತ್ತಮೂರು ಎಂಬುದು ಸೋಲಿನಂತೆ ಕೇಳಿಸಲೇ ಇಲ್ಲ. ಒಪ್ಪಂದದ ಪ್ರಕಾರ ಇನ್ನೂ ಎರಡು ಸಲ ಕೇಳಬಹುದಿತ್ತು. ಸೋಮವಾರ ಬೆಳಿಗ್ಗೆ ಗಂಡಸರು ಬಲೆ ಹೊತ್ತುಕೊಂಡು ಕಡಲಿಗಿಳಿದರು, ಹೆಂಗಸರು ಗೆಣಸಿನ ಬಳ್ಳಿಗೆ ಕೋಲು ಕೊಟ್ಟರು. ಸೋತು ಇಷ್ಟು ಹಗುರಾಗಿದ್ದ ಊರನ್ನು ನಾನು ಬೇರೆ ಕಂಡಿಲ್ಲ.

ದೇಶದ ಎಪ್ಪತ್ತೆಂಟು ಸಾವಿರ ‘ಬೇಡ’ಗಳನ್ನು ಹೀಗೆ ಒಂದೇ ಗುಟುಕಿಗೆ ನುಂಗಿದ ಊರಿಗೆ ತನ್ನ ಒಂದು ‘ಬೇಡ’ ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಮಂಗಳವಾರದ ಹೊತ್ತಿಗೆ ಅಂಗಡಿಯ ಮುಂದೆ ಬೇರೆ ಮಾತೇ ಇರಲಿಲ್ಲ. ಬುಧವಾರದ ಹೊತ್ತಿಗೆ ಅದಕ್ಕೊಂದು ಹೆಸರು ಸಿಕ್ಕಿತ್ತು. ಮಲಿಯಾ.

ಮಲಿಯಾಳ ತಂದೆ ತಾಯಿ ಫ್ರಾನ್ಸಿನದೇ ಕೈಕೆಳಗಿನ ವಾಲಿಸ್ ದ್ವೀಪದಿಂದ ನುಮೆಯಾಕ್ಕೆ ಕೂಲಿಗೆ ಬಂದು ಅಲ್ಲೇ ನಿಂತವರು. ಅವಳು ಹುಟ್ಟಿದ್ದು ಅಲ್ಲೇ. ನಮ್ಮ ತೆಯಿನ್ ಅವಳನ್ನು ಮದುವೆಯಾಗಿ ಕರೆತಂದು ಆರು ವರ್ಷ, ನಾಲ್ಕು ವರ್ಷದ ಮಗಳಿದ್ದಾಳೆ. ತೆಯಿನ್‌ಗೆ ಗಣಿಯಲ್ಲಿ ಕೆಲಸ. ತಿಂಗಳಿಗೆ ಎರಡು ಸಲ ಊರಿಗೆ ಬರುತ್ತಾನೆ. ಮನೆಯಲ್ಲಿ ಉಳಿಯುವವರು ಮಲಿಯಾ, ಮಗು, ಮತ್ತು ಅತ್ತೆ ಉರ್ಸುಲ. ಭಾನುವಾರ ಹಾರನ್ ಒತ್ತಿಕೊಂಡು ಸುತ್ತಿದವರಲ್ಲಿ ಮಲಿಯಾಳ ಅಣ್ಣನೂ ಇದ್ದ. ಮೂರು ಬಣ್ಣದ ಬಾವುಟ ಹೊದ್ದುಕೊಂಡ ಅವನ ಫೋಟೊ ಮಲಿಯಾಳ ಫೋನಿಗೆ ಬಂತು, ಫೋನು ಅತ್ತೆಯ ಕೈಗೆ ಬಂತು.

“ಅಣ್ಣ ಹೊದ್ದಿದ್ದನ್ನ ತಂಗಿ ಲಕೋಟೆಗೆ ಹಾಕಿದಾಳೆ, ಇದರಲ್ಲಿ ಕೇಳೋದೇನಿದೆ?” ಎಂದಳು ಉರ್ಸುಲ. ಅವಳು ಕೆಟ್ಟವಳಲ್ಲ. ಒಂದು ಸಲ ತಲೆಗೆ ಹೊಕ್ಕಿದ್ದನ್ನು ಹೊರಗೆ ಕಳಿಸುವ ದಾರಿ ಮಾತ್ರ ಅವಳಿಗೆ ಗೊತ್ತಿಲ್ಲ.

“ನಾನು ಹೌದು ಅಂತಲೇ ಹಾಕಿದ್ದು ಅತ್ತೆ. ನನ್ನ ಮಗಳು ಇಲ್ಲೀವಳು. ನಾನ್ಯಾಕೆ ಬೇಡ ಅನ್ಲಿ?” ಎಂದು ಮಲಿಯಾ ಎಷ್ಟು ಹೇಳಿದರೂ ಅದು ಅಡುಗೆಮನೆಯ ಹೊಸಿಲು ದಾಟಲಿಲ್ಲ.

ಪ್ರತಿ ಶನಿವಾರ ನಮ್ಮ ಹೆಂಗಸರ ಕ್ರಿಕೆಟ್. ಕಾಲು ಮುಚ್ಚುವ ಬಣ್ಣದ ನಿಲುವಂಗಿ ತೊಟ್ಟು, ಬರಿಗಾಲಲ್ಲಿ, ಪಕ್ಕದ ಊರಿನವರ ಮೇಲೆ ಆಡುತ್ತಾರೆ. ಮಲಿಯಾಳ ಚೆಂಡಿಗೆ ಎದುರಾಳಿಗಳು ಹೆದರುತ್ತಿದ್ದರು. ಅವಳು ಬಂದ ಮೇಲೆಯೇ ತಿವೊಂಬ ಗೆಲ್ಲುವುದನ್ನು ಕಲಿತದ್ದು. ಆ ವಾರ ತಂಡದ ಹೆಸರು ಓದುವಾಗ ಅವಳ ಹೆಸರು ಓದಲಿಲ್ಲ. ಸೋಲುವುದಕ್ಕೂ ತಯಾರಾದರು ಎಂದ ಮೇಲೆ ಸಿಟ್ಟು ಎಷ್ಟಿತ್ತೆಂದು ನೀವೇ ಎಣಿಸಿಕೊಳ್ಳಿ.

ಅಷ್ಟಕ್ಕೇ ನಿಂತಿದ್ದರೆ ಸರಿ. ಶುಕ್ರವಾರ ಉರ್ಸುಲ ಯಜಮಾನ ಬೆನುವಾನ ಮನೆಗೆ ಹೋಗಿ, ಸೊಸೆ ತವರಿಗೆ ಹೋಗಲಿ ಎಂದು ಕೇಳಿಕೊಂಡಳು. ಹೋದರೆ ಒಬ್ಬಳೇ ಹೋಗಬೇಕು. ನಮ್ಮಲ್ಲಿ ಮಗು ತಂದೆಯ ಕುಲದ್ದು. ತಾಯಿ ಹೋದರೂ ಮಗು ಉಳಿಯುತ್ತದೆ. ಬೆನುವಾ ಇನ್ನೂ ನಲವತ್ತರವನು, ಅಪ್ಪನ ಜಾಗಕ್ಕೆ ಬಂದು ಎರಡು ವರ್ಷವಾಗಿತ್ತಷ್ಟೆ. ಅವನಿಗೆ ಇದು ಇಷ್ಟವಿರಲಿಲ್ಲ, ಆದರೆ ಊರೆಲ್ಲ ಒಂದು ಕಡೆ ನಿಂತಿತ್ತು. ಭಾನುವಾರ ಪೂಜೆಯ ನಂತರ ಎಲ್ಲರೂ ಸೇರೋಣ ಎಂದ. ಮಲಿಯಾಳಿಗೆ ಊರಿನ ಮಾತನ್ನು ಹೇಳುವುದು ಯಾರೆಂದು ಕೇಳುವುದೇ ಬೇಡ. ಸಿಲ್ವೇರಜ್ಜ ಹೇಳಬೇಕು.

ಅಜ್ಜ ಆ ಮಾತನ್ನು ಶುಕ್ರವಾರವೇ ಜೋಡಿಸಿಟ್ಟುಕೊಂಡ. ಒರಟಾಗಿಯೇನೂ ಇರಲಿಲ್ಲ. ದೋಣಿ, ಗಾಳಿ, ತವರಿನ ಕಿನಾರೆ, ಎಲ್ಲ ಬರುತ್ತಿತ್ತು. ಚೆನ್ನಾಗಿ ಬಂದಿದೆ ಎಂದು ಅವನಿಗೇ ಅನ್ನಿಸಿತ್ತು.

ಶನಿವಾರ ಮಧ್ಯಾಹ್ನ ಊರೆಲ್ಲ ಮೈದಾನದಲ್ಲಿತ್ತು. ಅಲ್ಲಿಂದ ಕೂಗು, ಸೀಟಿ ಕೇಳಿಸುತ್ತಿತ್ತು. ಅಜ್ಜ ಮಾವಿನ ಮರದಡಿ ಚಾಪೆಯ ಮೇಲೆ ಬುಟ್ಟಿಯ ಹಿಡಿ ಸರಿಮಾಡುತ್ತಾ ಕೂತಿದ್ದ. ಮಲಿಯಾ ಮಗಳ ಕೈ ಹಿಡಿದುಕೊಂಡು ಬಂದಳು. ಮಗುವನ್ನು ಕೋಳಿಮರಿಗಳ ಕಡೆಗೆ ಬಿಟ್ಟು, ಚಾಪೆಯ ಅಂಚಿಗೆ ಒಂದು ಹೊಸ ಬಟ್ಟೆ, ಒಂದು ಪೊಟ್ಟಣ ತಂಬಾಕು ಇಟ್ಟಳು. ಹೆಗ್ಗೆಣಸು ಇರಲಿಲ್ಲ, ಅತ್ತೆಯ ಉಗ್ರಾಣದಿಂದ ತೆಗೆಯುವ ಧೈರ್ಯ ಅವಳಿಗೆ ಆಗಿರಲಿಲ್ಲ.

“ಅಜ್ಜ, ನಾಳೆ ನನ್ನ ಪರವಾಗಿ ಇದನ್ನ ಯಜಮಾನರ ಮುಂದೆ ಇಡಿ. ತಪ್ಪಾಯ್ತು ಅಂತ ಹೇಳಿ. ನನ್ನನ್ನ ಇರಕ್ಕೆ ಬಿಡ್ಲಿ.”

“ಹಂಗಾದ್ರೆ ನೀನೇ ಹಾಕಿದ್ದು ಅಂತ ಒಪ್ಕತೀಯ.”

“ಹಾಕಿಲ್ಲ. ಹಾಕಿಲ್ಲ ಅಂದ್ರೆ ಯಾರೂ ನಂಬ್ತಿಲ್ಲ. ಹಾಕಿದೀನಿ, ತಪ್ಪಾಯ್ತು ಅಂದ್ರೆ ಕ್ಷಮೆ ಆದ್ರೂ ಸಿಗಬೋದು. ಮಾಡದೆ ಇರೋದಕ್ಕೆ ಕ್ಷಮೆ ಕೇಳೋದು ನಿಮ್ಮ ಕಟ್ಟಳೇಲಿ ಉಂಟೋ ಇಲ್ವೋ ನಂಗೊತ್ತಿಲ್ಲ ಅಜ್ಜ. ನಂಗೆ ಮಗು ಬೇಕು.”

ಅಜ್ಜನಿಗೆ ಇರಿಸುಮುರಿಸಾಯಿತು. ಸುಳ್ಳು ಕ್ಷಮೆಯನ್ನು ಅವನು ಯಾವತ್ತೂ ಹೊತ್ತಿರಲಿಲ್ಲ. ಬಟ್ಟೆಯನ್ನು ಮುಟ್ಟದೆ, ಬುದ್ಧಿ ಹೇಳುವ ದನಿಯಲ್ಲಿ ಶುರು ಮಾಡಿದ. “ನೋಡು ಮಗಾ, ನೀನು ಪಟ್ಟಣದಾಗೆ ಬೆಳೆದೋಳು, ನಿಂಗೆ ಗೊತ್ತಾಗಿರಕ್ಕಿಲ್ಲ. ಕನಕರು ಮತ ಕೊಡೋದು ಹೆಂಗೆ ಅಂತ ನೋಡಿಲ್ಲಿ.” ಬುಟ್ಟಿಯ ತಳದಿಂದ ಜಪಮಾಲೆಯನ್ನು ಸರಿಸಿ ಚೀಟಿಯನ್ನು ತೆಗೆದು, ಮಡಿಕೆ ಬಿಚ್ಚಿ, ಅವಳ ಮುಂದೆ ಹಿಡಿದ. “ಇದನ್ನ ಇಟ್ಕಂಡೆ. ನನ್ನ ತಮ್ಮನ ಗೋರಿ ಒಳಗೆ ಇಡಿಸ್ತೀನಿ, ಅವನ ಪಕ್ಕ ನಂಗೆ ಗುಂಡಿ ತೋಡಿದ ದಿನ.”

ಮಲಿಯಾ ಚೀಟಿಯನ್ನು ನೋಡಿದಳು. ‘ಹೌದು’ ಎಂದಿತ್ತು. 

“ಅಜ್ಜ, ಇದು ನಿಮ್ಮ ಹತ್ರ ಇದೆ. ಡಬ್ಬಕ್ಕೆ ಯಾವುದು ಹೋಯ್ತು?”

“ಅವರ ‘ಬ್ಯಾಡ’. ಸುತ್ತಿ ವಾಪಸು ಕೊಟ್ಟೆ. ಇನ್ನೇನು ಮನೇಗೆ ತರಕ್ಕಾಯ್ತದಾ ಅದನ್ನ?”

ಮೈದಾನದ ಕಡೆಯಿಂದ ಜೋರು ಕೂಗೆದ್ದಿತು. ನಮ್ಮವರ ವಿಕೆಟ್ ಬಿದ್ದಿರಬೇಕು. ಮಲಿಯಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬಂದಿತ್ತೋ ಅಳು ಬಂದಿತ್ತೋ, ಅವಳೇ ಆಮೇಲೆ ಗೊತ್ತಿಲ್ಲ ಎನ್ನುತ್ತಿದ್ದಳು. ಕೈ ತೆಗೆದಾಗ ದನಿ ಮಾತ್ರ ಮೆತ್ತಗಿತ್ತು.

“ಅಜ್ಜ, ಅವರು ಎಣಿಸಿದ್ದು ಡಬ್ಬದಲ್ಲಿ ಇದ್ದದ್ದನ್ನ.”

“ಎಣಿಸ್ಲಿ.”

“ಡಬ್ಬದಲ್ಲಿ ನೂರಾ ಎಂಬತ್ತೇಳು ‘ಹೌದು’ ಇತ್ತು. ಎಲ್ಲರೂ ಅದನ್ನೇ ಹಾಕಿದ್ದು. ಒಂದು ‘ಬೇಡ’ ಇತ್ತು.”

ಅಜ್ಜ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ನಾಲ್ಕು ತಲೆಮಾರಿನ ಕುಲಗಳ ಹೆಸರನ್ನು ತಡವರಿಸದೆ ಹೇಳುವ ಬಾಯಿ ತೆರೆದು ಮುಚ್ಚಿತು. “ಹಂಗಾದ್ರೆ ಊರಿನವರೆಲ್ಲ ‘ಹೌದು’ನ ಅವರಿಗೇ ಕೊಟ್ಟುಬಿಟ್ರಾ?”

“ಕೊಟ್ಟಿದ್ದಲ್ಲ ಅಜ್ಜ. ಹೇಳಿದ್ದು. ಡಬ್ಬಕ್ಕೆ ಹಾಕೋದು ಅಂದ್ರೆ ಹೇಳೋದು.”

 ಹತ್ತಿರ ಹತ್ತಿರ ಐವತ್ತು ವರ್ಷ ಊರಿನ ಪರವಾಗಿ ಹೇಳಿದವನು, ತನ್ನ ಪರವಾಗಿ ಹೇಳಿದ ಒಂದೇ ಮಾತಿನಲ್ಲಿ ಉಲ್ಟಾ ಹೇಳಿದ್ದ. ಅದೂ ತಮ್ಮನ ಜಪಮಾಲೆಯಿದ್ದ ಬುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು. ನಾಚಿಕೆ ಅವನ ಕಿವಿಯವರೆಗೆ ಏರಿತು.

ಮಲಿಯಾ ಅವನನ್ನು ಬೈಯಲಿಲ್ಲ. ಮಗುವನ್ನು ಕರೆದು ಎತ್ತಿಕೊಂಡಳು. “ನಾನು ಯಾರಿಗೂ ಹೇಳಲ್ಲ. ಹೇಳಿದ್ರೆ ಯಾರು ತಾನೆ ನಂಬ್ತಾರೆ. ನಾಳೆ ಮಾತಾಡೋರು ನೀವು,” ಎಂದು ಹೊರಟಳು. ಬಟ್ಟೆ, ತಂಬಾಕು ಚಾಪೆಯ ಮೇಲೇ ಉಳಿದವು.

ಆಟ ಮುಗಿದು, ಊರಿನವರು ಸೋತು, ರೊಜಾಲಿ ಮನೆಗೆ ಬಂದಾಗ ಅಜ್ಜ ವಿಷಯ ಹೇಳಿದ. ಅವಳು ಮೊದಲು ನಕ್ಕಳು. ನಿಂತು ನಗಲಾಗದೆ ಮೆಟ್ಟಿಲ ಮೇಲೆ ಕೂತು ನಕ್ಕಳು. “ಗಡಿಯಾರ ವಾಪಸು ಕೊಟ್ಟ ದೊರೆ,” ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು.

“ಹೇಳಬೇಡಿ,” ಎಂದಳು. “ಹೇಳಿದ್ರೆ ಮಾತು ನಿಮ್ಮ ಕೈ ಬಿಡುತ್ತೆ. ತಪ್ಪು ಕೈಯಿಂದ ಕೊಟ್ಟವನನ್ನ ಇನ್ನು ಯಾರು ಮಾತಿಗೆ ನಿಲ್ಲಿಸ್ತಾರೆ? ನಿಮ್ಮಪ್ಪ, ನಿಮ್ಮಜ್ಜ ನಿಂತ ಜಾಗ ಅದು.”

“ಆ ಮಗು?”

ರೊಜಾಲಿ ಮೆಟ್ಟಿಲಿನಿಂದ ಎದ್ದಳು. ಒಳಗೆ ಹೋಗಿ ಪೆಟ್ಟಿಗೆಯಿಂದ ಅಜ್ಜನ ಒಳ್ಳೆಯ ಬಟ್ಟೆಯ ತುಂಡೊಂದನ್ನು ತೆಗೆದಳು. ಉಗ್ರಾಣದಲ್ಲಿ ಕಳೆದ ವರ್ಷದ ಹೆಗ್ಗೆಣಸು ಎರಡು ಉಳಿದಿದ್ದವು. ಉದ್ದನೆಯದನ್ನು ಆರಿಸಿ ಮಣ್ಣೊರೆಸಿ ಬಟ್ಟೆಯ ಪಕ್ಕ ಇಟ್ಟಳು.

ಭಾನುವಾರ ಪೂಜೆ ಮುಗಿದು ಎಲ್ಲರೂ ಯಜಮಾನನ ಅಂಗಳದಲ್ಲಿ, ಎತ್ತರದ ಪೈನ್ ಮರಗಳ ನೆರಳಿನಲ್ಲಿ ಕೂತರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮಲಿಯಾ ಎಲ್ಲರ ಹಿಂದೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಣಿಯಿಂದ ಬಂದಿದ್ದ ತೆಯಿನ್ ನೆಲ ನೋಡುತ್ತಿದ್ದ. ಅಜ್ಜ ಎದ್ದು ನಿಂತಾಗ ಉರ್ಸುಲ ಸೆರಗಿನಂಥ ಕೊರಳವಸ್ತ್ರವನ್ನು ಸರಿಮಾಡಿಕೊಂಡಳು. ದೋಣಿ, ಗಾಳಿ, ಕಿನಾರೆ ಬರುತ್ತದೆ ಎಂದು ಎಲ್ಲರೂ ಕಾದರು.

ಅಜ್ಜ ಚಾಪೆಯ ಮೇಲೆ ಬಟ್ಟೆ ಇಟ್ಟ, ಹೆಗ್ಗೆಣಸು ಇಟ್ಟ. ಅದರ ಮೇಲೆ ಆ ಚೀಟಿ ಇಟ್ಟ.

“ಇವತ್ತು ನಾನು ಊರಿನ ಬಾಯಾಗಿ ನಿಂತಿಲ್ಲ. ನನ್ನ ಬಾಯಾಗಿ ನಿಂತಿದೀನಿ,” ಎಂದ. “ಸರ್ಕಾರ ನನ್ನ ಮುಂದೆ ಎರಡು ಚೀಟಿ ಇಟ್ಟಿತು. ನಮ್ಮ ಪದ್ಧತಿ ಅಂದ್ಕಂಡು ಹೌದು ಇಟ್ಕಂಡೆ, ಬ್ಯಾಡ ವಾಪಸು ಕೊಟ್ಟೆ. ಆ ಒಂದು ಬ್ಯಾಡ ನಂದು. ಒಂದು ವಾರ ಅದನ್ನ ಈ ಹೆಣ್ಣುಮಗಳ ತಲೆ ಮೇಲೆ ಹೊರಿಸಿದ್ವಿ. ಹೊರಿಸಿದವರಲ್ಲಿ ನಾನೂ ಇದೀನಿ. ಕ್ಷಮೆ ಕೇಳ್ತೀನಿ, ಯಜಮಾನರನ್ನೂ, ಅವಳನ್ನೂ.”

ಇಷ್ಟು ಚಿಕ್ಕ ಮಾತನ್ನು ಅವನು ಜೀವಮಾನದಲ್ಲಿ ಆಡಿರಲಿಲ್ಲ. ಬುಟ್ಟಿಯಿಂದ ಮಲಿಯಾಳ ಬಟ್ಟೆ, ತಂಬಾಕು ತೆಗೆದು, ಗಂಡಸರ ಸಾಲು ದಾಟಿ, ಹೆಂಗಸರ ಸಾಲು ದಾಟಿ ಅವಳ ಹತ್ತಿರ ಹೋಗಿ ಬಗ್ಗಿ ಕೊಟ್ಟ. “ಇದನ್ನ ವಾಪಸು ತಗೋ ಮಗಾ. ನೀನು ಕೇಳಬೇಕಾದ ಕ್ಷಮೆ ಯಾವುದೂ ಇಲ್ಲ.”

ಮೊದಲು ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ತೆಯಿನ್ ನಗಲಿಲ್ಲ, ಎದ್ದು ಹೋಗಿ ಹೆಂಡತಿಯ ಪಕ್ಕ, ಹೆಂಗಸರ ನಡುವೆಯೇ ಕೂತುಬಿಟ್ಟ. ಬೆನುವಾ ನಗು ತಡೆದುಕೊಂಡು ಬಟ್ಟೆಯನ್ನೂ ಹೆಗ್ಗೆಣಸನ್ನೂ ಎತ್ತಿಕೊಂಡ. ಕ್ಷಮೆ ಒಪ್ಪಿದಂತಾಯಿತು. ಚೀಟಿಯನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಅಜ್ಜನ ಕೈಗೆ ವಾಪಸಿಟ್ಟ.

“ಇದು ನಿಮ್ಮ ಹತ್ರಾನೇ ಇರ್ಲಿ. ಎರಡು ವರ್ಷಕ್ಕೆ ಮತ್ತೆ ಕೇಳ್ತಾರೆ.”

ಮಲಿಯಾ ಉಳಿದಳು. ಉರ್ಸುಲ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಶನಿವಾರ ಸೊಸೆಯ ಆಟದ ನಿಲುವಂಗಿಯನ್ನು ತಾನೇ ಒಗೆದು ಹಗ್ಗಕ್ಕೆ ಹಾಕಿದ್ದಳು. ರೊಜಾಲಿ ಹೇಳಿದ್ದೂ ಸುಳ್ಳಾಗಲಿಲ್ಲ. ಯಾರೂ ಅಜ್ಜನಿಗೆ ಇಳಿ ಎನ್ನಲಿಲ್ಲ, ಆದರೆ ಕ್ರಿಸ್ಮಸ್ಸಿನ ಹೊತ್ತಿಗೆ ಬಂದ ಒಂದು ಮದುವೆಗೆ ನಿಂತು ಮಾತಾಡಲು ಅವನ ತಮ್ಮನ ಮಗನನ್ನು ಕರೆದರು, ಅದರ ಮುಂದಿನ ಸಾವಿಗೂ ಅವನನ್ನೇ ಕರೆದರು. ಅಜ್ಜ ಕೂತು ಕೇಳುತ್ತಿದ್ದ. ತಪ್ಪಿದ ಕಡೆ ತುಟಿ ಅಲ್ಲಾಡಿಸುತ್ತಿದ್ದ. ಅದು ಅವನಿಗೆ ಎಷ್ಟು ಕಷ್ಟವಾಯಿತೆಂದು ನಾನು ನೋಡಿದ್ದೇನೆ. ಅಂಗಡಿಗೆ ಹೋದರೆ, “ಅಜ್ಜ, ಸಕ್ಕರೆ ಇಟ್ಕತೀರೋ, ಸುತ್ತಿ ವಾಪಸು ಕೊಡ್ತೀರೋ?” ಎಂಬ ಮಾತು. ಅಜ್ಜ ಅದಕ್ಕೂ ಒಗ್ಗಿಕೊಂಡ.

ಎರಡು ವರ್ಷ ಕಳೆದು ಅಕ್ಟೋಬರಿನಲ್ಲಿ ಎರಡನೆಯ ಮತ ಬಂತು. ಆ ಸಲವೂ ದೇಶ ಬೇಡವೇ ಎಂದಿತು. ಅಂತರ ಮಾತ್ರ ಕರಗಿ ಐವತ್ತಮೂರು, ನಲವತ್ತಾರು ಆಗಿತ್ತು. ಅದು ಗೊತ್ತಾಗುವ ಮೊದಲೇ ನಮ್ಮ ಶಾಲೆಯಲ್ಲಿ ನಡೆದದ್ದು ಬೇರೆ.

ಅಜ್ಜನಿಗೆ ಈಗ ಎಲ್ಲರೂ ಹೇಳಿಕೊಟ್ಟರು. ದಾರಿಯಲ್ಲಿ ಸಿಕ್ಕವರು, ಪಾದ್ರಿಗಳು, ಕೊನೆಗೆ ಮಲಿಯಾಳ ಆರು ವರ್ಷದ ಮಗಳು ಕೂಡ. ಅವನು ಒಳಗೆ ಹೋಗಿ, ‘ಹೌದು’ ಚೀಟಿಯನ್ನು ಮೂರು ಸಲ ಓದಿ ಲಕೋಟೆಗೆ ಹಾಕಿ ಡಬ್ಬಕ್ಕೆ ಬಿಟ್ಟ. ‘ಬೇಡ’ ಚೀಟಿಯನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ. ಎಷ್ಟಾದರೂ ಮುಂದೆ ತಂದಿಟ್ಟದ್ದು. ಮಡಿಸಿ ಬುಟ್ಟಿಗೆ ಹಾಕಿಕೊಂಡ.

ಸಂಜೆ ಎಣಿಕೆಗೂ ಹೋಗಿ ಮೊದಲ ಬೆಂಚಿನಲ್ಲಿ ಕೂತ. ಹಳೆಯ ಕಟ್ಟಳೆಯನ್ನು ಮುರಿದು ತನ್ನ ಮಾತು ಹೊರಬರುವುದನ್ನು ಕಿವಿಯಾರೆ ಕೇಳಬೇಕಿತ್ತು. ಹೌದು, ಹೌದು ಎಂದು ಓದುತ್ತಾ ಹೋದರು. ಇನ್ನೂರು ದಾಟಿತು. ಜನ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು. ಇನ್ನೂರ ಆರನೆಯ ಲಕೋಟೆ ಬಿಚ್ಚಿದ ಹೆಂಗಸು, “ಬೇಡ,” ಎಂದಳು.

ಚಪ್ಪಾಳೆಗೆ ಎತ್ತಿದ ಕೈಗಳು ಕೆಳಗಿಳಿದವು. ಅಜ್ಜನಿಗೆ ಒಂದಂತೂ ಗೊತ್ತಿತ್ತು: ಇದು ತನ್ನದಲ್ಲ. ತನ್ನ ‘ಬೇಡ’ ಮೊಣಕೈ ಕೆಳಗೆ ಬುಟ್ಟಿಯಲ್ಲಿತ್ತು. ಅವನು ತಿರುಗಿ ನೋಡಿದ. ಎಲ್ಲರ ತಲೆಗಳೂ ನಿಧಾನವಾಗಿ ಹಿಂದಕ್ಕೆ, ಬಾಗಿಲ ಕಡೆಗೆ ತಿರುಗುತ್ತಿದ್ದವು. ಬಾಗಿಲ ಬಳಿ ಮಲಿಯಾ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಅಜ್ಜ ಬೆಂಚು ಹಿಡಿದುಕೊಂಡು ಎದ್ದು ನಿಂತ.

“ನಂದೇ ಅದು,” ಎಂದ, ಅಂಗಳದಾಚೆಗೂ ಕೇಳುವ ಆ ಹಳೆಯ ಗಂಟಲಿನಲ್ಲಿ. “ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ.”

ಕೋಣೆ ಭೋರೆಂದು ನಕ್ಕಿತು. ಯಾರೋ ಹಣೆ ಚಚ್ಚಿಕೊಂಡರು. “ಸತ್ತ ಮೇಲೆ ಸ್ವರ್ಗದ ಬಾಗಿಲಲ್ಲಿ ಕೇಳಿದ್ರೂ ಈ ಮುದುಕ ಬೇಡ ಅನ್ನೋನೇ,” ಎಂದಳು ಉರ್ಸುಲ, ಎಲ್ಲರಿಗಿಂತ ಜೋರಾಗಿ. ಎಣಿಸುವವರು ಉಳಿದ ಲಕೋಟೆಗಳನ್ನು ಬಿಚ್ಚಿದರು. ತಲೆಗಳೆಲ್ಲ ಮತ್ತೆ ಮುಂದಕ್ಕೆ ತಿರುಗಿದವು.

ಮನೆಗೆ ಹೋಗುವ ದಾರಿಯಲ್ಲಿ ಮಲಿಯಾ ಹಿಂದಿನಿಂದ ಬಂದು ಅಜ್ಜನ ಹೆಗಲಿನಿಂದ ಬುಟ್ಟಿಯನ್ನು ಇಳಿಸಿಕೊಂಡಳು. ಬುಟ್ಟಿಯ ಬಾಯಿ ತೆರೆದಿತ್ತು. ಕನ್ನಡಕ ಅದರಲ್ಲೇ ಇತ್ತು. ಕೆಳಗೆ ಜಪಮಾಲೆ, ಹಳೆಯ ‘ಹೌದು’, ಅದರ ಪಕ್ಕ ಅರ್ಧ ಮಡಿಸಿದ ಹೊಸ ‘ಬೇಡ’. ಅವಳು ನಾಲ್ಕು ಹೆಜ್ಜೆ ನಡೆದು ನಿಂತಳು.

“ಅಜ್ಜ, ನಾನಲ್ಲ.”

“ನಾನು ಕೇಳಿದ್ನಾ?” ಎಂದ ಅಜ್ಜ.